ಒಂದು ಮಂಗಳವಾರ, ನಾಲ್ಕು ಡೆಲ್ಮರ್

“ಎರಡು ವರ್ಷ ಅಂತೆ,” ಎಂದಳು ಕೆಫೆಯ ವರ್ನಾ, ನನ್ನ ಬಟ್ಟಲಿಗೆ ಕಾಫಿ ಸುರಿಯುತ್ತ. “ಬೇಸಿಗೇಲೂ ತಪ್ಪಿಸ್ಕೊಳ್ದೆ ಹೋದ್ರೆ ಒಂದೂವರೆ ವರ್ಷಕ್ಕೇ ಬಿಡ್ತಾರಂತೆ.”

“ಯಾರನ್ನ?”

“ಮೆಲ್ಲಗೆ ಮಾತಾಡೋ! ಡೆಲ್ಮರ್‌ನ. ಕ್ರಿಮಿನಲ್ ತನಿಖೇಲಿದಾನೆ.”

ನನ್ನ ಕೈಲಿದ್ದ ಚಮಚ ತಟ್ಟೆಗೆ ಬಿತ್ತು. ಡೆಲ್ಮರ್ ಕ್ವಾಲೆ ಎಂದರೆ ದಾರಿಯಲ್ಲಿ ದೀಪ ಕೆಟ್ಟು ಕೆಂಪಿನಲ್ಲೇ ನಿಂತುಬಿಟ್ಟರೆ ಅದು ಸರಿಯಾಗುವವರೆಗೂ ಕಾರು ನಿಲ್ಲಿಸಿಕೊಂಡು ಕೂರುವ ಮನುಷ್ಯ.

“ಯಾರು ಹೇಳಿದ್ದು?”

“ಯಾರ್‍ಯಾಕೆ, ಅವನ ಹೆಂಡ್ತಿ ಆರ್ಲಿಸ್ಸೇ! ‘ನಿನ್ ಗಂಡ ಮಂಗಳವಾರ ಮಂಗಳವಾರ ಟೈ ಕಟ್ಕೊಂಡು ಎಲ್ಲಿಗೆ ಹೋಗ್ತಾನೆ’ ಅಂದೆ. ಮುಖ ಕೆಂಪಗೆ ಮಾಡ್ಕೊಂಡು, ‘ಅವ್ರು ಕ್ರಿಮಿನಲ್ ತನಿಖೇಲಿದಾರೆ ವರ್ನಾ, ಯಾರಿಗೂ ಹೇಳ್ಬೇಡ’ ಅಂದ್ಲು.”

“ನೀನು ಯಾರಿಗೂ ಹೇಳಿಲ್ಲ ತಾನೆ?”

“ಛೆ ಛೆ. ನೀನು ಹನ್ನೊಂದನೆಯವನು.”

ಈಗ ಗೊತ್ತಿರುವ ನಿಜವನ್ನು ಇಲ್ಲೇ ಹೇಳಿಬಿಡುತ್ತೇನೆ. ಆಗ ಗೊತ್ತಿರಲಿಲ್ಲವೆಂಬುದೇ ನಮ್ಮ ಊರಿನ ಸದ್ಯದ ಇತಿಹಾಸ. ಡೆಲ್ಮರ್ ಇಪ್ಪತ್ತೊಂಬತ್ತು ವರ್ಷ ದುಡಿದ ಬೆಣ್ಣೆ ಕಾರ್ಖಾನೆ ಬೇಸಿಗೆಯಲ್ಲಿ ಬಾಗಿಲು ಹಾಕಿತ್ತು. ಶೆರಿಫ್ ಕಚೇರಿಯಲ್ಲಿ ಪುರಾವೆಗಳನ್ನು ಕಾಯುವ ಕೋಣೆಯ ಮುದುಕ ಜನವರಿಗೆ ನಿವೃತ್ತನಾಗುವವನಿದ್ದ. “ಕಮ್ಯುನಿಟಿ ಕಾಲೇಜಲ್ಲಿ ಕ್ರಿಮಿನಲ್ ತನಿಖೆ ಅನ್ನೋ ಪಾಠ ಇದೆ. ಕ್ರಿಸ್‌ಮಸ್ ಒಳಗೆ ಅದೊಂದು ಪಾಸು ಮಾಡ್ಕೊಂಡು ಬಾ, ಎರಡು ವರ್ಷದ ಕೋರ್ಸಲ್ಲಿ ಮಿಕ್ಕಿದ್ದು ಓದ್ತಾ ಓದ್ತಾ ಕೆಲಸ ಮಾಡು, ಬೀಗದ ಕೈ ನಿಂದೇ,” ಎಂದಿದ್ದ ಶೆರಿಫ್. ಐವತ್ತೇಳನೆಯ ವಯಸ್ಸಿನಲ್ಲಿ ಚೀಲ ತಗುಲಿಹಾಕಿಕೊಂಡು ಕಾಲೇಜಿಗೆ ಹೋಗುವುದು ಡೆಲ್ಮರ್‌ಗೆ ನಾಚಿಕೆ. ಪಾಸಾಗುವ ತನಕ ಯಾರಿಗೂ ಹೇಳಬೇಡ ಎಂದು ಹೆಂಡತಿಯಿಂದ ಭಾಷೆ ತೆಗೆದುಕೊಂಡಿದ್ದ. ಆಕೆ ಭಾಷೆಯನ್ನು ಮುಕ್ಕಾಲು ಪಾಲು ಉಳಿಸಿಕೊಂಡಳು. ಹೊರಬೀಳದ ಆ ಮುಕ್ಕಾಲಿನಲ್ಲೇ ‘ಕಾಲೇಜು’ ಎಂಬ ಶಬ್ದವಿತ್ತು.

ಇನ್ನು ನಮ್ಮ ಹೆಲ್ಮರ್ ಲೇಕ್ ಊರಿನ ವಿಚಾರ. ನಾನೂರ ಹನ್ನೆರಡು ಜನ, ಒಂದು ಚರ್ಚು, ಒಂದು ಕೆರೆ, ಮೀನಿನ ಗಾಳಕ್ಕೆ ಹುಳ ಮಾರುವ ನನ್ನದೊಂದು ಅಂಗಡಿ. ಮಿನ್ನೆಸೋಟಾದ ಈ ಮೂಲೆಯಲ್ಲಿ ಯಾರೂ ಯಾರನ್ನೂ ನೇರವಾಗಿ ಏನನ್ನೂ ಕೇಳುವುದಿಲ್ಲ. ಪಕ್ಕದವನ ಕೊಟ್ಟಿಗೆಗೆ ಬೆಂಕಿ ಬಿದ್ದರೆ, “ಇವತ್ತು ಸ್ವಲ್ಪ ಬೆಚ್ಚಗಿದೆ, ಅಲ್ವಾ?” ಎನ್ನುತ್ತೇವೆ. ಕೇಳುವ ಬದಲು ಹಾಟ್‌ಡಿಶ್ ಮಾಡಿಕೊಂಡು ಹೋಗುತ್ತೇವೆ. ಗಾಜಿನ ಟ್ರೇಯಲ್ಲಿ ಕೊಚ್ಚಿದ ಮಾಂಸ, ಅದರ ಮೇಲೆ ಅಣಬೆ ಸೂಪು, ಅದರ ಮೇಲೆ ಆಲೂಗಡ್ಡೆ ಉಂಡೆ, ಎಲ್ಲದರ ಮೇಲೆ ಸಹಾನುಭೂತಿ. ಟ್ರೇಯ ತಳಕ್ಕೆ ಒಡತಿಯ ಹೆಸರು ಬರೆದ ಅಂಟುಪಟ್ಟಿ ಇರುತ್ತದೆ, ಯಾಕೆಂದರೆ ಸಹಾನುಭೂತಿ ಹೋದರೂ ಟ್ರೇ ವಾಪಸು ಬರಬೇಕು, ಅದೂ ಬರಿದಾಗಿ ಬರಬಾರದು.

ಮಂಡಿ ಆಪರೇಷನ್ ಆದ ಮನೆಗೆ ಎರಡು ಹಾಟ್‌ಡಿಶ್ ಹೋಗುತ್ತವೆ. ಸಾವಾದ ಮನೆಗೆ ನಾಲ್ಕು. ಡೆಲ್ಮರ್ ಮನೆಗೆ ನಾಲ್ಕು ದಿನದಲ್ಲಿ ಒಂಬತ್ತು ಹೋದವು.

ಡೆಲ್ಮರ್ ಆಗಷ್ಟೇ ‘ಸ್ಥಳದಲ್ಲಿ ಸಿಕ್ಕ ವಸ್ತುಗಳಿಂದ ತೀರ್ಮಾನ’ ಎಂಬ ಅಧ್ಯಾಯ ಮುಗಿಸಿದ್ದ. ಒಂಬತ್ತೂ ಟ್ರೇಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದ. ಬಂದ ಹೊತ್ತು, ತಂದವರ ಹೆಸರು, ಚೀಸಿನ ದಪ್ಪ ಎಲ್ಲ ಬರೆದುಕೊಂಡ. ತೀರ್ಮಾನ: ಈ ಮನೆಯಲ್ಲಿ ಯಾರೋ ಸಾಯುತ್ತಿದ್ದಾರೆ. ತಾನು ಗಟ್ಟಿಮುಟ್ಟಾಗಿದ್ದೇನೆ. ಹಾಗಾದರೆ ಆರ್ಲಿಸ್! ಪಾಪ, ನನಗೆ ಹೇಳದೆ ಊರಿಗೆಲ್ಲ ಹೇಳಿದ್ದಾಳೆ. ಅಂದಿನಿಂದ ಪಾತ್ರೆ ತೊಳೆಯುವುದನ್ನು ಅವನೇ ಶುರು ಮಾಡಿದ. ಮೂವತ್ತೊಂದು ವರ್ಷದಲ್ಲಿ ಒಂದು ಲೋಟ ತೊಳೆಯದ ಗಂಡ ಕಣ್ಣಲ್ಲಿ ನೀರು ತುಂಬಿಕೊಂಡು ಬಾಣಲೆ ಉಜ್ಜುವುದನ್ನು ನೋಡಿ ಆರ್ಲಿಸ್ ಕೂಡ ತೀರ್ಮಾನಕ್ಕೆ ಬಂದಳು: ಸಾಯುತ್ತಿರುವವನು ಇವನೇ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ. “ಇನ್ನೂ ಸ್ವಲ್ಪ ಹಾಕ್ಲಾ?” “ಬೇಡ, ನೀನು ತಿನ್ನು.” “ಇಲ್ಲ, ನೀವೇ ತಿನ್ನಿ.” ಒಂಬತ್ತು ಹಾಟ್‌ಡಿಶ್ ಹೀಗೆ ಖಾಲಿಯಾಗುತ್ತ ಬಂದವು.

ಆ ಶನಿವಾರ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ತಲೆಗೆ ಹಸಿರು ವಸ್ತ್ರ ಸುತ್ತಿಕೊಂಡು ಕಾಲಿಗೆ ದಪ್ಪ ಬೂಟು ಹಾಕಿದ್ದ, ಮೂವತ್ತರ ಆಸುಪಾಸಿನ ಹೆಂಗಸು ಇಳಿದಳು. ಕೈಯಲ್ಲಿ ನೋಟ್‌ಬುಕ್ಕು.

“ನಮಸ್ಕಾರ. ನನ್ ಹೆಸರು ಹೊಡಾನ್ ವಾರ್ಸಾಮೆ. ಕ್ರಿಮಿನಲ್ ತನಿಖೆಯಿಂದ ಬಂದಿದೀನಿ.”

ಆಕೆ ಡೆಲ್ಮರ್‌ನ ಸಹಪಾಠಿ. ಹಗಲೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ಮನೆಯಲ್ಲಿ ಇಬ್ಬರು ಮಕ್ಕಳು, ಮಂಗಳವಾರ ಸಂಜೆ ಕಾಲೇಜು. ಅವರ ಟೀಚರು ಎಲ್ಲರ ಫೋನಿಗೂ ಒಂದು ಮನೆಪಾಠ ಕಳಿಸಿದ್ದರು: ನಿಮ್ಮ ಜೊತೆಯವರ ಊರಿಗೆ ಹೋಗಿ, ಕಳೆದ ಮಂಗಳವಾರ ಸಂಜೆ ಅವರೆಲ್ಲಿದ್ದರು ಎಂದು ನೆರೆಯವರನ್ನು ವಿಚಾರಿಸಿ, ಹೇಳಿಕೆಗೆ ಸಹಿ ಹಾಕಿಸಿಕೊಂಡು ಬನ್ನಿ. ಆ ಸಂಜೆ ಎಲ್ಲರೂ ತರಗತಿಯಲ್ಲೇ ಇದ್ದರೆಂದು ಟೀಚರ ಲೆಕ್ಕ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ, ಹಾಗಾಗಿ ಕಲಿಯುವವರಿಗೆ ಸುಲಭ. ಆದರೆ ಇದೆಲ್ಲ ನನಗೆ ಹೇಗೆ ಗೊತ್ತಿರಬೇಕು?

“ಡೆಲ್ಮರ್ ಕ್ವಾಲೆ ಗೊತ್ತಾ ನಿಮ್ಗೆ?”

“ಅಷ್ಟಕ್ಕಷ್ಟೆ,” ಎಂದೆ, ಎಚ್ಚರಿಕೆಯಿಂದ.

“ಎಷ್ಟು ವರ್ಷದಿಂದ?”

“ಐವತ್ತೇಳು.”

ಆಕೆ ಬರೆದುಕೊಂಡಳು. “ಕಳೆದ ಮಂಗಳವಾರ ಸಂಜೆ ಆರರಿಂದ ಒಂಬತ್ತರವರೆಗೆ ಅವ್ರು ಎಲ್ಲಿದ್ರು?”

ಆಪತ್ತಿನಲ್ಲಿ ಮನುಷ್ಯನ ಯೋಗ್ಯತೆ ತಿಳಿಯುತ್ತದೆ ಎನ್ನುತ್ತಾರೆ. ನನ್ನ ಯೋಗ್ಯತೆ ಒಂದು ಕ್ಷಣವೂ ತಡಮಾಡಲಿಲ್ಲ.

“ಇಲ್ಲೇ ಇದ್ದ. ನನ್ ಜೊತೆ ಹುಳ ಎಣಿಸ್ತಿದ್ದ.”

“ಮೂರು ಗಂಟೆ ಕಾಲ?”

“ಹುಳ ನಿಂತಲ್ಲಿ ನಿಲ್ಲಲ್ಲ ತಾಯಿ. ಎಣಿಸಿದ್ದು ಹೋಗಿ ಎಣಿಸದೇ ಇರೋದ್ರೊಳಗೆ ಸೇರ್ಕೊಳತ್ತೆ. ಮತ್ತೆ ಒಂದರಿಂದ ಶುರು.”

“ಕೊನೆಗೆ ಎಷ್ಟಾದ್ವು?”

“ಸಾವಿರದ ನಾನೂರ ಆರು,” ಎಂದೆ. ಸುಳ್ಳಿಗೆ ಒಂದು ಲೆಕ್ಕ ಜೊತೆಗಿದ್ದರೆ ಅದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಂತೆ. ಸಹಿ ಮಾಡಿ, ಕೆಳಗೆ ಲೊವೆಲ್ ಸೋಲ್‌ಬರ್ಗ್ ಎಂದು ದಪ್ಪ ಅಕ್ಷರದಲ್ಲಿ ಬರೆದು ಗೆರೆ ಎಳೆದೆ.

ಆಕೆಯ ಕಾರು ತಿರುವು ದಾಟುವುದರೊಳಗೆ ವರ್ನಾಗೆ ಫೋನು ಮಾಡಿದೆ. ಆದರೆ ಅವಸರದಲ್ಲಿ “ತನಿಖೆಯವಳು ಬರ್ತಿದಾಳೆ, ಡೆಲ್ಮರ್‌ನ ಉಳ್ಸು!” ಎಂದು ಹೇಳಿ ಇಟ್ಟುಬಿಟ್ಟೆ. ಹುಳದ ವಿಷಯ ಹೇಳಲು ಮರೆತೆ. ಹಾಗಾಗಿ ವರ್ನಾ ತನ್ನ ಕೆಫೆಯಲ್ಲಿ, ಡೆಲ್ಮರ್ ಆ ಸಂಜೆ ಇಡೀ ತನ್ನ ಜೊತೆ ಇಸ್ಪೀಟು ಆಡುತ್ತಿದ್ದನೆಂದು ಸಹಿ ಹಾಕಿದಳು. ಸೋತು ಸೋತು ಸುಸ್ತಾದ ಎಂದೂ ಸೇರಿಸಿದಳು. ಮದುವೆಯಾಗದ ಮುದುಕ ಇಂಗ್‌ವಾಲ್ಡ್, ಇಪ್ಪತ್ತು ವರ್ಷದಲ್ಲಿ ಒಟ್ಟು ಐದೇ ವಾಕ್ಯ ಆಡಿದ್ದವನು, ಆ ದಿನ ಆರನೆಯದನ್ನು ಆಡಿದ: “ಕೆರೆ ಹೆಪ್ಪುಗಟ್ಟೋ ಮುಂಚೆ ನನ್ ಹಲಗೆ ದೋಣಿಕಟ್ಟೆ ದಡಕ್ಕೆ ಎಳ್ಕೊಡ್ತಿದ್ದ.” ಚರ್ಚಿನ ಪಾಸ್ಟರ್ ಕ್ರಿಸ್ಟೀನ್ ಸುಳ್ಳು ಹೇಳುವಂತಿಲ್ಲ. ಬಹಳ ಹೊತ್ತು ಯೋಚಿಸಿ, “ಆ ಮೂರು ಗಂಟೆಯೂ ಡೆಲ್ಮರ್ ನನ್ನ ಪ್ರಾರ್ಥನೆಯಲ್ಲಿದ್ದ,” ಎಂದರು. ಹೊಡಾನ್ ಬರೆದುಕೊಂಡಳು: ‘ಚರ್ಚಿನಲ್ಲಿ. ಪ್ರಾರ್ಥನೆ.’

ಮುಂದಿನ ಮಂಗಳವಾರ ತರಗತಿಯಲ್ಲಿ ನಡೆದದ್ದನ್ನು ಹೊಡಾನ್ ಆಮೇಲೆ ನನಗೆ ಬಿಡಿಸಿ ಬಿಡಿಸಿ ಹೇಳಿದ್ದಾಳೆ. ಟೀಚರು ಮಿಸ್ ಟಾಲಿವರ್, ಷಿಕಾಗೋದಲ್ಲಿ ಇಪ್ಪತ್ತಾರು ವರ್ಷ ಡಿಟೆಕ್ಟಿವ್ ಆಗಿದ್ದವರು. ಕನ್ನಡಕದ ಮೇಲಿಂದ ನೋಡಿದರೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬೇಕೆನಿಸುತ್ತದೆ. ನಾಲ್ಕೂ ಹೇಳಿಕೆ ಓದಿ ಮುಗಿಸಿ ಡೆಲ್ಮರ್ ಕಡೆ ನೋಡಿದರು.

“ಮಿಸ್ಟರ್ ಕ್ವಾಲೆ, ನೀವು ಒಂದೇ ಹೊತ್ತಿಗೆ ನಾಲ್ಕು ಕಡೆ ಇದ್ರಿ. ನನ್ ಕ್ಲಾಸು ಒಂದು ಬಿಟ್ಟು.”

“ನಾನು ಇಲ್ಲೇ ಇದ್ದೆ ಮೇಡಂ! ಹಾಜರಿ ಹಾಳೇಲಿ ಹೆಸರಿದೆ.”

“ಹೆಸರನ್ನ ಯಾರು ಬೇಕಾದ್ರೂ ಬರೀಬಹುದು. ಮೂರನೇ ಪಾಠದಲ್ಲಿ ನಾನೇ ಹೇಳ್ಕೊಟ್ಟೆ.”

ಆ ಮಂಗಳವಾರ ಮಿಸ್ ಟಾಲಿವರ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಬದಲಿಗೆ ಬಂದವರು ದೀಪ ಆರಿಸಿ ಬೆರಳಚ್ಚಿನ ಮೇಲೆ ಮೂರು ಗಂಟೆಯ ಸಿನಿಮಾ ಹಾಕಿ ತಾವೂ ಮಲಗಿದ್ದರು. ಮಗಳಿಗೆ ಜ್ವರವೆಂದು ಹೊಡಾನ್ ಬಂದಿರಲಿಲ್ಲ. ಉಳಿದ ಹದಿನೆಂಟು ಜನರನ್ನು ಕೇಳಿದರೆ, ಯಾರೋ ನಿಂಬೆ ಬಿಲ್ಲೆ ಎಂಬ ಚೌಕದ ಸಿಹಿತಿಂಡಿ ತಂದಿಟ್ಟಿದ್ದು ಎಲ್ಲರಿಗೂ ನೆನಪಿತ್ತು, ತಂದವನು ಯಾರಿಗೂ ನೆನಪಿರಲಿಲ್ಲ. ಡೆಲ್ಮರ್ ಅಂಥವನು. ಹಿಂದಿನ ಸಾಲಿನಲ್ಲಿ ಕೂತರೆ ಕೋಟು ತೂಗುಹಾಕುವ ಗೂಟವೆಂದೇ ಜನ ತಿಳಿಯುತ್ತಾರೆ. ಒಬ್ಬ ನಿಜಕ್ಕೂ ಕೋಟು ತೂಗುಹಾಕಿದ್ದನಂತೆ.

“ಆ ಬಿಲ್ಲೆ ತಂದೋನು ನಾನೇ!” ಎಂದ ಡೆಲ್ಮರ್.

ಮಿಸ್ ಟಾಲಿವರ್ ಕಪಾಟಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಒಳಗೆ ಗಾಜಿನ ಟ್ರೇ, ಅದರ ಮೂಲೆಯಲ್ಲಿ ಉಗುರಿನಷ್ಟೇ ಉಳಿದ ನಿಂಬೆ ಬಿಲ್ಲೆ. “ಮಾರನೇ ದಿನ ಇದು ಸಿಕ್ತು. ಇಲಿ ಕೆಲಸ ಅಂದ್ಕೊಂಡಿದ್ದೆ. ತಳದಲ್ಲಿ ಹೆಸರಿದೆ. ‘ವರ್ನಾ ಲೀ’ ಅಂತ. ನಿಮ್ ಹೆಸರು ವರ್ನಾನಾ?”

ಆದದ್ದಿಷ್ಟು. ವರ್ನಾ ಕೊಟ್ಟ ಹಾಟ್‌ಡಿಶ್ ಮುಗಿದ ಮೇಲೆ ಆರ್ಲಿಸ್ ಆ ಟ್ರೇಯಲ್ಲೇ ನಿಂಬೆ ಬಿಲ್ಲೆ ಮಾಡಿ, ವಾಪಸು ಕೊಡಲೆಂದು ಇಟ್ಟಿದ್ದಳು. ಡೆಲ್ಮರ್ ಅದನ್ನು ನೋಡಿ, ಸಾಯುವ ಹೊತ್ತಿನಲ್ಲೂ ನನ್ನ ಕ್ಲಾಸಿನ ಮೇಲೆ ಇವಳಿಗೆಷ್ಟು ಕಾಳಜಿ ಎಂದು ಕಣ್ಣೊರೆಸಿಕೊಂಡು ಕಾಲೇಜಿಗೆ ಒಯ್ದಿದ್ದ. ಗಂಡನೇ ವಾಪಸು ಕೊಟ್ಟಿರಬೇಕೆಂದು ಆರ್ಲಿಸ್ ಸುಮ್ಮನಾದಳು. ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ವರ್ನಾ ಸುಮ್ಮನಾದಳು. ಅದು ಅವಳ ತಾಯಿಯ ಟ್ರೇ.

“ಮೂರು ಸಲ ಗೈರುಹಾಜರಾದ್ರೆ ಫೇಲು,” ಎಂದರು ಮಿಸ್ ಟಾಲಿವರ್. “ಜಿಂಕೆ ಕಾರಿಗೆ ಅಡ್ಡ ಬಂತು ಅಂತ ಒಂದು, ಅತ್ತೆ ಹುಟ್ಟುಹಬ್ಬ ಅಂತ ಒಂದು, ಈಗ ಇದು ಮೂರು. ಮುಂದಿನ ವಾರದೊಳಗೆ ಈ ವರ್ನಾ ಅನ್ನೋರು ಬಂದು ಟ್ರೇ ಯಾರಿಗೆ ಕೊಟ್ಟೆ ಅಂತ ಹೇಳಿದ್ರೆ ಬಚಾವು. ಇಲ್ದಿದ್ರೆ ಪುರಾವೆ ಏನು ಹೇಳತ್ತೋ ಅದೇ.”

ಬುಧವಾರ ಬೆಳಗ್ಗೆ ನಾನೂ ಇಂಗ್‌ವಾಲ್ಡೂ ಕೆಫೆಯಲ್ಲಿ ಕೂತಿದ್ದಾಗ ಡೆಲ್ಮರ್ ಓಡಿಬಂದ. ಟೋಪಿ ಹಿಂದುಮುಂದಾಗಿತ್ತು.

“ಲೊವೆಲ್, ನಾನು ಹುಳ ಎಣಿಸ್ತಿದ್ದೆ ಅಂದ್ಯಂತೆ?”

“ಥ್ಯಾಂಕ್ಸ್ ಎಲ್ಲ ಬೇಡ ಕಣೋ,” ಎಂದೆ.

“ವರ್ನಾ, ನೀನು ಇಸ್ಪೀಟು ಅಂದ್ಯಂತೆ?”

“ಜೊತೇಲಿ ಬೆಳೆದೋರು, ಇಷ್ಟೂ ಮಾಡ್ದಿದ್ರೆ ಹೇಗೆ?”

“ಅಯ್ಯೋ, ನಾನು ಆವತ್ತು ಅಲ್ಲಿದ್ದೆ! ಅಲ್ಲೇ ಇದ್ದೆ ಅಂತ ಬಂದು ಹೇಳ್ರೋ! ಇಲ್ದಿದ್ರೆ ನಾನು ಕೆಟ್ಟೆ!”

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಪೊಲೀಸರು ಏನು ಹಿಂಸೆ ಕೊಟ್ಟು ಒಪ್ಪಿಸಿದ್ದಾರೋ! ನಾನು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟೆ.

“ನೋಡು ಡೆಲ್ಮರ್. ಅಲ್ಲಿದ್ದೆ ಅಂತ ನೀನು ಒಪ್ಕೊಂಡ್ರೂ ನಾವು ಒಪ್ಪಲ್ಲ.”

“ಒಪ್ರೋ! ಕಾಲು ಹಿಡೀತೀನಿ! ವರ್ನಾ, ನಿನ್ ಟ್ರೇ ಅಲ್ಲಿ ಸಿಕ್ಕಿದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದಾರೆ. ಅದು ನಿಂದು, ನಂಗೆ ಕೊಟ್ಟೆ ಅಂತ ಒಂದು ಮಾತು ಹೇಳಿದ್ರೆ ಸಾಕು.”

ವರ್ನಾಳ ಮುಖದ ಬಣ್ಣ ಇಳಿಯಿತು. ತಾಯಿಯ ಟ್ರೇ, ಕೃತ್ಯ ನಡೆದ ಸ್ಥಳದಲ್ಲಿ! ಕಾಫಿ ಪಾತ್ರೆಯನ್ನು ಕೆಳಗಿಟ್ಟು, ಏಪ್ರನ್ನಿಗೆ ಕೈಯೊರೆಸಿಕೊಂಡು, ತಲೆಯೆತ್ತಿ ಹೇಳಿದಳು:

“ಟ್ರೇನಾ? ನಂಗೆ ಟ್ರೇ ಅಂತ ಯಾವತ್ತೂ ಇರ್ಲೇ ಇಲ್ಲ.”

ಇಂಗ್‌ವಾಲ್ಡ್ ಟೋಪಿ ತೆಗೆದ. ಅಂಥ ತ್ಯಾಗವನ್ನು ನಾವ್ಯಾರೂ ಕಣ್ಣಾರೆ ಕಂಡಿರಲಿಲ್ಲ.

“ಯಾರ್ ಮುಂದೆ ಹೇಳ್ಬೇಕಂತೆ?” ಎಂದು ನಾನು ಕೇಳಿದೆ.

“ಮಿಸ್ ಟಾಲಿವರ್ ಅಂತ. ಷಿಕಾಗೋ ಡಿಟೆಕ್ಟಿವ್.”

“ಷಿಕಾಗೋನಾ!” ಎಂದ ಇಂಗ್‌ವಾಲ್ಡ್. ಏಳನೆಯ ವಾಕ್ಯ.

ವಿಷಯ ಷಿಕಾಗೋವರೆಗೂ ಹೋಗಿದೆ ಎಂದಮೇಲೆ ಸುಮ್ಮನಿರುವುದು ಹೇಗೆ? ಮಂಗಳವಾರ ಸಂಜೆ ನನ್ನ ಹುಳದ ವ್ಯಾನಿನಲ್ಲಿ ನಾವು ನಾಲ್ವರು ಸಾಕ್ಷಿಗಳೂ ಹೊರಟೆವು. ಹಿಂದಿನಿಂದ ಡೆಲ್ಮರ್ ಮತ್ತು ಆರ್ಲಿಸ್ ತಮ್ಮ ಕಾರಿನಲ್ಲಿ. ಪಾಸ್ಟರ್ ಕ್ರಿಸ್ಟೀನ್ ಮಡಿಲಲ್ಲಿ ಹಾಟ್‌ಡಿಶ್, ವರ್ನಾ ಮಡಿಲಲ್ಲಿ ಹೊಸ ನಿಂಬೆ ಬಿಲ್ಲೆ, ಎರಡೂ ಚರ್ಚಿನ ಟ್ರೇಯಲ್ಲಿ, ಯಾಕೆಂದರೆ ವರ್ನಾಗೆ ಈಗ ಟ್ರೇ ಇಲ್ಲವಲ್ಲ. ಖಾಲಿ ಕೈಯಲ್ಲಿ ವಿಚಾರಣೆಗೆ ಹೋಗುವುದುಂಟೇ?

ಡೆಲ್ಮರ್ ನಮ್ಮನ್ನು ಒಂದು ಇಟ್ಟಿಗೆ ಕಟ್ಟಡದೊಳಗೆ ಕರೆದೊಯ್ದ. ಉದ್ದನೆಯ ಓಣಿ, ಸಾಲು ಬಾಗಿಲು, ಪ್ರತಿ ಬಾಗಿಲಲ್ಲೂ ಸಣ್ಣ ಗಾಜಿನ ಕಿಂಡಿ, ಒಳಗೆ ಜೋಲುಮೋರೆ ಹಾಕಿಕೊಂಡು ಕೂತ ಜನ. “ಪಾಪ, ಎಲ್ಲ ಚಿಕ್ ವಯಸ್ಸಿನೋರು,” ಎಂದು ವರ್ನಾ ಪಿಸುಗುಟ್ಟಿದಳು.

ಕೋಣೆಯಲ್ಲಿ ಮಿಸ್ ಟಾಲಿವರ್ ಮೇಜಿನ ಹಿಂದೆ ಕೂತಿದ್ದರು. ಹೊಡಾನ್ ಪಕ್ಕದಲ್ಲಿ ನೋಟ್‌ಬುಕ್ಕು ಹಿಡಿದು ನಿಂತಿದ್ದಳು.

“ಹುಳದ ಸಾಕ್ಷಿ ಯಾರು?”

“ನಾನು,” ಎಂದೆ.

“ಎಷ್ಟು ಹುಳ?”

“ಸಾವಿರದ ಆರುನೂರ ನಾಲ್ಕು.”

ಹೊಡಾನ್ ಪುಟ ತಿರುವಿದಳು. “ಶನಿವಾರ ಸಾವಿರದ ನಾನೂರ ಆರಿತ್ತು.”

“ಮರಿ ಹಾಕಿರ್ಬೇಕು,” ಎಂದೆ.

“ಇಸ್ಪೀಟು?”

“ನಾನು,” ಎಂದಳು ವರ್ನಾ. “ಆವತ್ತು ಇಡೀ ಸಂಜೆ ನನ್ ಜೊತೆ ಇದ್ದ. ಸತ್ರೂ ಇದೇ ಹೇಳ್ತೀನಿ.”

ಮಿಸ್ ಟಾಲಿವರ್ ಮೆಲ್ಲನೆ ಚೀಲದಿಂದ ಟ್ರೇ ತೆಗೆದು ಮೇಜಿನ ಮೇಲಿಟ್ಟರು, ದೀಪದ ಕೆಳಗೆ.

“ಇದು ಯಾರ್ದು?”

“ನಂಗೊತ್ತಿಲ್ಲ,” ಎಂದಳು ವರ್ನಾ, ಗೋಡೆ ನೋಡುತ್ತ.

“ಹತ್ರದಿಂದ ನೋಡಿ.”

ವರ್ನಾ ನೋಡಿದಳು. ನೋಡಬಾರದಿತ್ತು. ಎರಡು ವಾರದ ಹಳೆಯ ನಿಂಬೆ ಅಂಚಿಗೆಲ್ಲ ಒಣಗಿ ಅಂಟಿತ್ತು. ಮೂಲೆಯಲ್ಲಿ ಸಕ್ಕರೆ ಕಪ್ಪಗಾಗಿತ್ತು. ಒಂದು ಇರುವೆ ಅಡ್ಡಾಡುತ್ತಿತ್ತು. ಅವಳ ಗಲ್ಲ ನಡುಗಿತು. ತುಟಿ ನಡುಗಿತು. ನಾನು ಅವಳ ತೋಳು ಹಿಡಿದೆ. “ಬೇಡ ವರ್ನಾ, ತಡ್ಕೋ—”

“ತೊಳೆದೇ ಇಲ್ಲ!” ಎಂದು ಕಿರುಚಿದಳು ವರ್ನಾ. “ನಮ್ಮಮ್ಮನ ಟ್ರೇ! ನನ್ ಹೆಸರು ಬರ್ದಿರೋ ಟ್ರೇ! ಎರಡು ವಾರ ತೊಳೀದೆ ಎಲ್ರಿಗೂ ತೋರಿಸ್ತಿದೀರಲ್ರೀ, ಜನ ನನ್ನ ಬಗ್ಗೆ ಏನಂದ್ಕೊಳ್ಬೇಕು?”

“ಅಂದ್ರೆ ಇದು ನಿಮ್ದು.”

“ನಂದೇ! ಡೆಲ್ಮರ್ ಮನೆಗೆ ಹಾಟ್‌ಡಿಶ್ ಕೊಟ್ಟಿದ್ದೆ, ಎರಡು ಪಟ್ಟು ಚೀಸು ಹಾಕಿ! ಇಸ್ಪೀಟೂ ಇಲ್ಲ ಏನೂ ಇಲ್ಲ!” ಎಂದು ಹೇಳಿ, ಡೆಲ್ಮರ್ ಕಡೆ ತಿರುಗಿ ಗೊಳೋ ಎಂದಳು. “ಕ್ಷಮಿಸ್ಬಿಡೋ ಡೆಲ್ಮರ್! ನಿನ್ನ ಎರಡು ವರ್ಷ ಒಳಗೆ ಹಾಕಿಸ್ಬಿಟ್ಟೆ!”

“ಎಲ್ಲಿಗೆ ಒಳಗೆ?” ಎಂದರು ಮಿಸ್ ಟಾಲಿವರ್.

“ಜೈಲಿಗೆ!”

ಕಡೆಗೆ ಡೆಲ್ಮರ್ ಬಾಯಿಂದ ಆ ನಾಚಿಕೆಯ ಮಾತು ಹೊರಬಂತು. “ನಾನು... ಓದ್ತಿದೀನಿ ವರ್ನಾ. ಇದು ಕಾಲೇಜು.”

ಆಗ ನಾನು ಮೊದಲ ಬಾರಿ ಹಿಂದಿನ ಕಪ್ಪುಹಲಗೆ ನೋಡಿದೆ. ‘ಕ್ರಿಮಿನಲ್ ತನಿಖೆ. ಪಾಠ ಒಂಬತ್ತು: ಸಾಕ್ಷಿಗಳು ಯಾಕೆ ಸುಳ್ಳು ಹೇಳುತ್ತಾರೆ?’ ನಿಜ ಹೇಳಬೇಕೆಂದರೆ ನಮಗೆಲ್ಲ ತುಸು ನಿರಾಸೆಯೇ ಆಯಿತು. ಇಷ್ಟು ಕಷ್ಟಪಟ್ಟು ಉಳಿಸಿದ ಮನುಷ್ಯ ಒಂದು ಕೋಳಿಯನ್ನೂ ಕದ್ದಿರಲಿಲ್ಲ.

“ಹಾಗಾದ್ರೆ ಒಂಬತ್ತು ಹಾಟ್‌ಡಿಶ್ ಬಂದಿದ್ದು ಆರ್ಲಿಸ್ ಸಾಯ್ತಿದಾಳೆ ಅಂತ ಅಲ್ವಾ?” ಎಂದ ಡೆಲ್ಮರ್.

“ನಾನಾ? ಸಾಯ್ತಿರೋದು ನೀವಲ್ವಾ?” ಎಂದಳು ಆರ್ಲಿಸ್.

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಆಮೇಲೆ ಆರ್ಲಿಸ್ ಹೇಳಿದಳು, “ಪಾತ್ರೆ ಮಾತ್ರ ಇನ್ಮುಂದೇನೂ ನೀವೇ ತೊಳೀರಿ.”

ಮಿಸ್ ಟಾಲಿವರ್ ಟ್ರೇಯ ಮೂಲೆಯ ಚೂರಿಗೆ ಪೆನ್ನು ತೋರಿಸಿದರು. “ಇದೊಂದು ಅರ್ಥ ಆಗ್ಲಿಲ್ಲ. ಇಷ್ಟು ಸಣ್ಣ ಚೂರು ಯಾಕೆ ಉಳೀತು?”

“ಕೊನೇ ತುಂಡು ಅದು,” ಎಂದರು ಪಾಸ್ಟರ್ ಕ್ರಿಸ್ಟೀನ್, ಇದನ್ನೂ ಹೇಳಬೇಕೇ ಎನ್ನುವಂತೆ. “ಕೊನೇ ತುಂಡು ಯಾರೂ ತಗೊಳಲ್ಲ. ಅರ್ಧ ಮಾಡಿ ಅರ್ಧ ಬಿಡ್ತೀವಿ. ಆಮೇಲೆ ಅದರಲ್ಲಿ ಅರ್ಧ.”

“ಕತ್ತಲೇಲಿ ಆರು ಸಲ ಎದ್ದುಬಂದೆ ಮೇಡಂ,” ಎಂದ ಡೆಲ್ಮರ್, ತಲೆ ತಗ್ಗಿಸಿ.

ಮಿಸ್ ಟಾಲಿವರ್ ಹಾಜರಿ ಪುಸ್ತಕ ತೆರೆದು ಏನೋ ಹೊಡೆದುಹಾಕಿ ಏನೋ ಬರೆದರು. “ಹಾಜರ್. ಈ ಕೌಂಟಿಯಲ್ಲಿ ಇದಕ್ಕಿಂತ ಒಳ್ಳೇ ಪುರಾವೆ ಸಿಗಲ್ಲ. ಹೊಡಾನ್, ನಾಲ್ಕು ಸಾಕ್ಷಿ, ನಾಲ್ಕೂ ಸುಳ್ಳು, ಒಂದೊಂದಕ್ಕೂ ಸಹಿ. ನಿಂಗೆ ಪೂರ್ತಿ ಅಂಕ.”

“ನಂದು ಸುಳ್ಳಲ್ಲ,” ಎಂದರು ಪಾಸ್ಟರ್ ಕ್ರಿಸ್ಟೀನ್.

ಆಮೇಲೆ ಹಾಟ್‌ಡಿಶ್ ಬಿಚ್ಚಿದೆವು. ಪಕ್ಕದ ಕೋಣೆಗಳಲ್ಲಿ ಜೋಲುಮೋರೆ ಹಾಕಿದ್ದವರೂ ವಾಸನೆ ಹಿಡಿದು ಬಂದರು. ವರ್ನಾ ಬಚ್ಚಲಿನಲ್ಲಿ ಟ್ರೇ ಉಜ್ಜಿ ಉಜ್ಜಿ ಹೊಳೆಸಿ, ಕಂಕುಳಲ್ಲಿ ಇಟ್ಟುಕೊಂಡೇ ತಿಂದಳು. ನಿಂಬೆ ಬಿಲ್ಲೆ ಒಂದೊಂದಾಗಿ ಖಾಲಿಯಾಗಿ, ಕಡೆಗೆ ಒಂದು ಉಳಿಯಿತು.

“ಪಾಸ್ಟರ್, ತಗೊಳ್ಳಿ.”

“ಅಯ್ಯೋ ನಂಗೆ ಹೊಟ್ಟೆ ಬಿರೀತಿದೆ. ಇಂಗ್‌ವಾಲ್ಡ್?”

ಇಂಗ್‌ವಾಲ್ಡ್ ತಲೆಯಾಡಿಸಿದ.

“ಹೊಡಾನ್, ನೀನು ತಗೋಮ್ಮ.”

“ನಾನಾಗ್ಲೇ ಮೂರು ತಿಂದೆ. ಲೊವೆಲ್ ತಗೊಳ್ಲಿ.”

“ನಾನು ಚಾಕು ತರ್ತೀನಿ,” ಎಂದೆ.

“ಯಾರಿಗೂ ಬೇಡ್ವಾ?” ಎಂದರು ಮಿಸ್ ಟಾಲಿವರ್. ಕೈ ನೀಡಿ, ಆ ಕೊನೆಯ ತುಂಡನ್ನು ಇಡಿಯಾಗಿ ಎತ್ತಿ ಬಾಯಿಗೆ ಹಾಕಿಕೊಂಡರು.

ನಾವೆಲ್ಲ ನೆಲ ನೋಡಿದೆವು. ಡೆಲ್ಮರ್ ಒಬ್ಬ ಮಾತ್ರ ಗೋಡೆಯ ಗಡಿಯಾರದತ್ತ ತಲೆಯೆತ್ತಿ, ಜೇಬಿನಿಂದ ನೋಟ್‌ಬುಕ್ಕು ತೆಗೆದು, ಪೆನ್ಸಿಲ್ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಹೊತ್ತು ಬರೆದುಕೊಂಡ.